ಎಸೆಯುವಂಥದ್ದೆಲ್ಲ ಹೊರಗೆ

ಗಂಡ ಅಸೋವಾಲು ಮುದ್ದು ಮಾತಾಡಲು ಶುರುಮಾಡಿದನೆಂದರೆ ಫುವಾತಿನೊ ಇಸ್ತ್ರಿಪೆಟ್ಟಿಗೆಯನ್ನು ಮನೆಯ ಹೊರಗೆ ಸಾಗಿಸುತ್ತಿದ್ದಳು.

ಅದೇನು ಹುಚ್ಚಲ್ಲ. ಅವನ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಗುಗು ಮನೆ ಮಾಡಿಕೊಂಡಿತ್ತು. ಗುಗು ಎಂದರೆ ಕೀಲಿಗೆ ಇಳಿಯುವ ವಾತ. ಅವರಿದ್ದ ಸವಾಯಿ ದ್ವೀಪದಲ್ಲಿ ಅದಿಲ್ಲದ ಯಜಮಾನರೇ ಕಡಿಮೆ. ತಿಂಗಳುಗಟ್ಟಲೆ ಸುಮ್ಮನಿದ್ದು, ಯಾವುದೋ ಮದುವೆಯ ಹಂದಿಮಾಂಸಕ್ಕೋ, ಹಗಲಿಡೀ ನೀರು ಕುಡಿಯದೆ ಇದ್ದದ್ದಕ್ಕೋ ಅದು ಎದ್ದು ಕೂರುತ್ತದೆ. ಆಗ ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ, ಹೊದಿಕೆಯ ಅಂಚು ತಾಗಿದರೂ ಅಂಥಾ ಗಟ್ಟಿ ಗಂಡಸು ಊರಿಗೆಲ್ಲ ಕೇಳುವಂತೆ ಕಿರುಚುತ್ತಾನೆ. ಕಿರುಚುವುದು ಪಾಪ, ಅವನ ತಪ್ಪಲ್ಲ. ಆದರೆ ಕೈಗೆ ಸಿಕ್ಕಿದ್ದನ್ನು ಹೆಂಡತಿಯ ಮೇಲೆ ಎಸೆಯುವುದು ಯಾವ ಕೀಲಿನ ರೋಗವೋ ನಾ ಕಾಣೆ.

ಬರುವ ಮುಂಚೆ ಗುಗು ಸುಳಿವು ಕೊಡುತ್ತಿತ್ತು. ಅಸೋವಾಲು ಎಡಗಾಲಿನಿಂದ ಬಲಗಾಲನ್ನು ಮೆಲ್ಲಗೆ ಉಜ್ಜಿಕೊಳ್ಳುವನು. ಕೂತಲ್ಲೇ ಚರ್ಚಿನ ಹಾಡು ಗುನುಗುವನು. ಆಮೇಲೆ, ವರ್ಷವಿಡೀ ಹೆಂಡತಿಯನ್ನು ‘ಏ ಇವಳೇ’ ಎಂದಷ್ಟೇ ಕರೆಯುವ ಆ ಬಾಯಿಂದ ‘ನನ್ನ ಬಂಗಾರ’ ಹೊರಡುವುದು. ಮದುವೆಯಾದ ಹೊಸತರಲ್ಲಿ ಫುವಾತಿನೊ ಆ ಮಾತಿಗೆ ಕರಗಿ ನೀರಾಗಿದ್ದಳು. ಮರುದಿನ ಇಸ್ತ್ರಿಪೆಟ್ಟಿಗೆ ಹಾರಿ ಬಂದು ಅವಳ ಮುಂದಿನ ಹಲ್ಲನ್ನು ಕಿತ್ತುಕೊಂಡು ಹೋಯಿತು.

ಅಂದಿನಿಂದ ಬಂಗಾರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಕೈಕಾಲು ತಾವಾಗಿಯೇ ಓಡಾಡುತ್ತಿದ್ದವು. ಗುಗು ಬುಟ್ಟಿ ಮಂಚದ ಪಕ್ಕಕ್ಕೆ ಬರುತ್ತಿತ್ತು. ಅದರಲ್ಲಿ ಮಾತ್ರೆಯ ಡಬ್ಬಿ, ನೀರಿನ ಬಾಟಲಿ, ಬೆರಳಿನ ಜಾಗ ಕತ್ತರಿಸಿದ ಚಪ್ಪಲಿ, ಮತ್ತೆ ಹೊದಿಕೆ ಕಾಲಿಗೆ ತಾಗದಂತೆ ಮೇಲೆ ಕಮಾನಾಗಿ ನಿಲ್ಲಿಸುವ ಬೆತ್ತ. ಬಚ್ಚಲಿಗೆ ನಡೆಯಲಾಗದವನಿಗೆ ಒಂದು ಬಕೆಟ್ಟು. ಇದು ಒಳಗಿನ ತಯಾರಿಯಾಯಿತು. ಹೊರಗಿನ ತಯಾರಿ ಬೇರೆ: ಇಸ್ತ್ರಿಪೆಟ್ಟಿಗೆ, ಕಬ್ಬಿಣದ ಪಾತ್ರೆ, ಮಚ್ಚು, ಲಾಟೀನು, ಕೊನೆಗೆ ಹಿತ್ತಾಳೆಯ ಮೂಲೆಪಟ್ಟಿಯ ದೊಡ್ಡ ಬೈಬಲ್ಲು ಕೂಡ ಹಿತ್ತಿಲ ಮೆಟ್ಟಿಲಿಗೆ ಹೋಗಿ ಕೂರಬೇಕು. ದೇವರ ಪುಸ್ತಕವನ್ನೂ ಅವನು ಬಿಡುತ್ತಿರಲಿಲ್ಲ; ಅವಳ ಹುಬ್ಬಿನ ಮೇಲಿನ ಗಾಯದ ಗುರುತು ಅದರದ್ದೇ.

ರಸ್ತೆಯಾಚೆ ಉಸುಫೋನೊನ ಮನೆ. ಅವನೂ ಒಂದು ಮನೆತನದ ಯಜಮಾನ, ಅವನಿಗೂ ಅದೇ ಗುಗು, ಅದೇ ಸಿಟ್ಟು. ಅವನ ಹೆಂಡತಿ ವಲಾಸಿಗೂ ಫುವಾತಿನೊಗೂ ಗೆಳೆತನ ಕುದುರಿದ್ದೇ ಈ ಎರಡು ಕೆಟ್ಟ ಬೆರಳುಗಳಿಂದ. ಪಟ್ಟಣದ ಬಸ್ಸು ಹತ್ತಿದವಳು ಇಬ್ಬರಿಗೂ ಮಾತ್ರೆ ತರುತ್ತಿದ್ದಳು. ಎದುರು ಮನೆಯ ಹಿತ್ತಿಲ ಮೆಟ್ಟಿಲ ಮೇಲೆ ಪಾತ್ರೆ, ಮಚ್ಚು, ಬೈಬಲ್ಲು ಸಾಲಾಗಿ ಕಂಡವೋ, ಓಹೋ ಬಂತು ಎಂದುಕೊಂಡು ಇವಳು ಅವರಿಗೂ ಸೇರಿಸಿ ಕೆಸುವಿನ ಗಡ್ಡೆ ಬೇಯಿಸುವಳು. ಗುಗು ಬಂದ ಗಂಡಸು ಏಳಲಾರ, ಆದರೆ ತಲೆಗೆ ಸಿಟ್ಟು ಏರಿದರೆ ಕಾಲನ್ನೇ ಮರೆಯುತ್ತಾನೆ ಎನ್ನುವುದೂ ಇಬ್ಬರಿಗೂ ಗೊತ್ತಿತ್ತು. ಒಮ್ಮೆ ಫುವಾತಿನೊ ಬೇಕೆಂದೇ ಕೆಣಕಿದಾಗ ಅಸೋವಾಲು ಊದಿದ ಕಾಲಿನಲ್ಲೇ ಚರ್ಚಿನ ಬಾಗಿಲವರೆಗೆ ಅಟ್ಟಿಸಿಕೊಂಡು ಬಂದಿದ್ದ. ಅದನ್ನು ನೆನೆದು ಇಬ್ಬರೂ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಆ ನಗು ಒಂದು ಶನಿವಾರ ನಿಂತುಹೋಯಿತು.

ಅಂದು ಊರ ಬಯಲಿನಲ್ಲಿ ಕ್ರಿಕೆಟ್ಟು. ದ್ವೀಪದ ಕ್ರಿಕೆಟ್ಟು ಗೊತ್ತಲ್ಲ, ಮೂರಂಚಿನ ಬ್ಯಾಟು, ಒನಕೆಯಷ್ಟು ಭಾರ, ಆಟಕ್ಕಿಂತ ಅಣಕವೇ ಹೆಚ್ಚು. ಫುವಾತಿನೊಳ ಮಗ ಪೆಮಿತಾ ಬ್ಯಾಟು ಹಿಡಿದು ನಿಂತಿದ್ದ. ಎದುರು ತಂಡಕ್ಕೆ ವಲಾಸಿಯ ಮಗ ತಫಾಲೆ ಮುಂದಾಳು. ಚಪ್ಪಾಳೆ ತಟ್ಟಿಸುತ್ತ, ಕುಣಿಸುತ್ತ, ತಫಾಲೆ ಒಂದು ಕಾಲನ್ನು ಎಳೆದುಕೊಂಡು ನಡೆದು ತೋರಿಸಿದ. ಅಸೋವಾಲುವಿನ ನಡಿಗೆ! ಬಯಲಿಗೆ ಬಯಲೇ ನಕ್ಕಿತು. ಮರದಡಿ ಕೂತಿದ್ದ ಅಸೋವಾಲು ನೆಲ ನೋಡಿದ. ನಿಮ್ಮಪ್ಪನ ಹಾಗೇ ಓಡ್ತೀಯೇನೋ ಕುಂಟಾ ಎಂದು ತಫಾಲೆ ಕುಂಟುತ್ತ ಕುಂಟುತ್ತ ಮೂಗಿನ ಹತ್ತಿರಕ್ಕೇ ಬಂದ. ಪೆಮಿತಾ ಬ್ಯಾಟನ್ನು ಬೀಸಿದ, ಚೆಂಡಿಗಲ್ಲ. ತೆಂಗಿನಕಾಯಿ ಕಲ್ಲಿಗೆ ಬಿದ್ದಂಥ ಸದ್ದಾಯಿತು. ತಫಾಲೆ ಕಿವಿಯಿಂದ ರಕ್ತ ಸುರಿಸುತ್ತ ಬಿದ್ದವನು ಮತ್ತೆ ಏಳಲಿಲ್ಲ. ಯಾರದೋ ಪಿಕಪ್ಪಿನಲ್ಲಿ ಹಾಕಿಕೊಂಡು ಪಟ್ಟಣದ ಆಸ್ಪತ್ರೆಗೆ ಓಡಿದರು.

ಹೊತ್ತು ಮುಳುಗುವುದರೊಳಗೆ ಉಸುಫೋನೊನ ತಮ್ಮನ ಮಗ ಲೆವಿ ತನ್ನ ಪಟಾಲಮ್ಮು ಕಟ್ಟಿಕೊಂಡು ಬಂದ. ಫುವಾತಿನೊಳ ಅಡುಗೆ ಗುಡಿಸಲಿಗೆ ಬೆಂಕಿ ಇಟ್ಟರು. ಗಬ್ಬದ ಹಂದಿಯನ್ನು ಮಚ್ಚಿನಿಂದ ಕೊಚ್ಚಿ ಮರಿಗಳನ್ನು ಹೊರಗೆಳೆದು ಅಂಗಳದ ತುಂಬ ಎಸೆದರು. ಪೆಮಿತಾ ಮೇಲಿನ ತೋಟದಲ್ಲಿ ಅಡಗಿದ್ದರಿಂದ ಬದುಕಿಕೊಂಡ. ತಫಾಲೆಯ ಉಸಿರು ನಿಂತರೆ ಪೆಮಿತಾನ ಉಸಿರನ್ನೂ ನಿಲ್ಲಿಸುತ್ತೇವೆ ಎಂದು ಲೆವಿ ರಸ್ತೆಯಲ್ಲಿ ನಿಂತು ಕೂಗಿ ಹೇಳಿಹೋದ. ಅದು ಬಾಯಿಮಾತಲ್ಲ ಎನ್ನುವುದು ಹಂದಿಯನ್ನು ನೋಡಿದವರಿಗೆಲ್ಲ ತಿಳಿಯುತ್ತಿತ್ತು.

ಫುವಾತಿನೊ ಶುಕ್ರವಾರವಷ್ಟೇ ಪಟ್ಟಣಕ್ಕೆ ಹೋಗಿ ಎರಡೂ ಮನೆಯ ಮಾತ್ರೆ ತಂದಿದ್ದಳು. ವಲಾಸಿಯ ಪಾಲು ಇನ್ನೂ ಡಬ್ಬಿಯಲ್ಲೇ ಇತ್ತು. ಪಾದ್ರಿಯ ಕೈಲಾದರೂ ಕಳಿಸಬಹುದಿತ್ತು. ಅಂಗಳದಲ್ಲಿ ಬಿದ್ದಿದ್ದ ಹಂದಿಮರಿಗಳನ್ನು ಗುದ್ದಲಿಯಿಂದ ಎತ್ತಿ ಹೂಳುತ್ತ ಅವಳು, ಬರಲಿ ಆ ಉಸುಫೋನೊನಿಗೆ ಗುಗು, ಉರುಳಾಡಿ ಸಾಯಲಿ ಎಂದುಕೊಂಡಳು. ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಒತ್ತಿದಳು.

ಪೊಲೀಸರು, ಕೋರ್ಟು ಎಲ್ಲ ಆಮೇಲಿನ ಮಾತು. ಮೊದಲು ಚಾಪೆ. ರಕ್ತ ಹರಿಸಿದ ಮನೆಯವರು ತಮ್ಮಲ್ಲಿರುವ ಅತಿ ನಯವಾದ ಚಾಪೆ ಹೊದ್ದು, ನಸುಕಿನಲ್ಲಿ ಏಟು ತಿಂದವರ ಮನೆಯ ಮುಂದೆ ಮಂಡಿಯೂರಬೇಕು. ಜೊತೆಗೆ ಸೌದೆ, ಒಲೆಯ ಕಲ್ಲು, ಬಾಳೆ ಎಲೆ ತಂದಿಡಬೇಕು. ಬೇಕಿದ್ದರೆ ನಮ್ಮನ್ನೇ ಸುಟ್ಟು ಬೇಯಿಸಿ ಎಂದು ಅದರ ಅರ್ಥ. ಇದಕ್ಕೆ ಇಫೋಗಾ ಎನ್ನುತ್ತಾರೆ. ಮನೆಯ ಯಜಮಾನ ಹೊರಗೆ ಬಂದು ತನ್ನ ಕೈಯಾರೆ ಚಾಪೆ ತೆಗೆದರೆ ಕ್ಷಮೆ ಸಿಕ್ಕಿತು, ಆಮೇಲೆ ಅವರ ಕೂದಲು ಕೊಂಕಿಸುವ ಹಕ್ಕು ಯಾರಿಗೂ ಇಲ್ಲ. ಚಾಪೆ ತೆಗೆಯಲು ಆ ಊರಲ್ಲಿ ಯಜಮಾನನದಲ್ಲದೆ ಇನ್ನೊಬ್ಬರ ಕೈ ನಡೆಯುವುದಿಲ್ಲ. ಯಜಮಾನ ಬಾರದೇ ಹೋದರೆ ಚಾಪೆಯ ಕೆಳಗಿದ್ದವರ ಕಥೆ ಅಲ್ಲಿಗೆ ಮುಗಿಯಿತು.

ಸೋಮವಾರದ ನಸುಕಿಗೆ ಫುವಾತಿನೊ ಗಂಡನ ಕಾಲನ್ನು ಸಜ್ಜು ಮಾಡಿದಳು. ಮುಂಚಿತವಾಗಿಯೇ ಮಾತ್ರೆ ನುಂಗಿಸಿ, ಬೇಕಾದೀತೆಂದು ಡಬ್ಬಿಯನ್ನು ಸೊಂಟಕ್ಕೆ ಗಂಟು ಹಾಕಿಕೊಂಡಿದ್ದಳು, ಬೇಡ ಬೇಡ ಎಂದರೂ ಚೊಂಬುಗಟ್ಟಲೆ ನೀರು ಕುಡಿಸಿದ್ದಳು, ಮಂಡಿಯೂರಿದಾಗ ಹೆಬ್ಬೆರಳು ನೆಲಕ್ಕೊತ್ತದಂತೆ ಬಟ್ಟೆಯ ಸಿಂಬಿ ಮಾಡಿ ಕಟ್ಟಿದ್ದಳು. ಚಾಪೆಯಡಿ ಅವನು ಹೊರಳಾಡಿದರೆ, ಕಿರುಚಿದರೆ, ಅದೇ ದೊಡ್ಡ ಅವಮಾನವಾಗಿ ಮಗನ ಪ್ರಾಣಕ್ಕೆ ಬರುತ್ತಿತ್ತು. ಅವಳು ಆ ಒಂದು ಕಾಲಿನ ಯೋಚನೆಯನ್ನಷ್ಟೇ ಮಾಡಿದಳು. ರಸ್ತೆಯಾಚೆ ಇನ್ನೊಂದು ಕಾಲಿದೆ ಎನ್ನುವುದು ಹೊಳೆಯಲೇ ಇಲ್ಲ.

ಚಾಪೆ ಅವಳ ತಾಯಿ ಹೆಣೆದದ್ದು, ರೇಷ್ಮೆಯಷ್ಟು ನುಣುಪು. ಅದರಡಿ ಅಪ್ಪ, ಮಗ ಅಕ್ಕಪಕ್ಕ ತಲೆ ತಗ್ಗಿಸಿ ಕೂತರು. ಹಿಂದೆ ಅಸೋವಾಲುವಿನ ತಮ್ಮಂದಿರು, ಹೆಂಗಸರು, ಎಲ್ಲರ ಕಣ್ಣೂ ನೆಲದ ಮೇಲೆ. ಉಸುಫೋನೊನ ಮನೆಗೆ ಗೋಡೆಯಿಲ್ಲ, ಕಂಬಗಳ ನಡುವೆ ತೆಂಗಿನ ಗರಿಯ ತಟ್ಟಿಗಳು. ಅಂದು ಅಷ್ಟೂ ತಟ್ಟಿಗಳು ಕೆಳಗಿಳಿದಿದ್ದವು. ಒಳಗೆ ಅವನಿದ್ದ, ಹಿಂದಿನ ಸಂಜೆ ಆಸ್ಪತ್ರೆಯಿಂದ ಬಂದಿಳಿದದ್ದನ್ನು ಊರೇ ನೋಡಿತ್ತು. ಬೆಳಕು ಹರಿಯಿತು. ಬಿಸಿಲು ಬಂತು. ತಟ್ಟಿ ಏಳಲಿಲ್ಲ.

ಲೆವಿ ಮತ್ತು ಅವನ ಹುಡುಗರು ಮಚ್ಚು ಹಿಡಿದು ಸುತ್ತು ಹಾಕತೊಡಗಿದರು. ಮೊದಲು ಸೌದೆ ಕಟ್ಟನ್ನು ಒದ್ದು ಚೆಲ್ಲಿದರು. ಆಮೇಲೆ ಒಬ್ಬ, ಇವರೇ ತಂದಿಟ್ಟ ಒಲೆಯ ಕಲ್ಲನ್ನು ಎತ್ತಿಕೊಂಡ. ಅದು ಬೀಸಿ ಬಂದು ಚಾಪೆಗೆ ಬಡಿಯಿತು. ಅಸೋವಾಲುವಿನ ತಲೆಯಿದ್ದ ಕಡೆ ಚಾಪೆ ಕೆಂಪಾಯಿತು, ಕೆಂಪು ಹರಡುತ್ತ ಹೋಯಿತು. ಅವನು ಕದಲಲಿಲ್ಲ. ಹೆಂಡತಿಗೆ ಹೊಡೆಯುವ ಗಂಡಸು ಹೌದು, ಆದರೆ ಆ ಹೊತ್ತಿನಲ್ಲಿ ಅವನು ಕಂಬದಂತೆ ಕೂತಿದ್ದನ್ನು ಇಲ್ಲವೆನ್ನಲಾಗದು. ಎರಡನೆಯ ಕಲ್ಲು ಅವನ ತಮ್ಮನ ದವಡೆ ಒಡೆಯಿತು. ತಮ್ಮ ಹಲ್ಲುಗಳನ್ನು ಅಂಗೈಗೆ ಉಗುಳಿಕೊಂಡು ಮತ್ತೆ ತಲೆ ತಗ್ಗಿಸಿದ. ಚಾಪೆಯೊಳಗೆ ಪೆಮಿತಾ ಮುಲುಗಿದ್ದು ಕೇಳಿಸಿತು.

ಲೆವಿ ಬಂದು ಮಚ್ಚಿನ ಅಲಗನ್ನು ಚಾಪೆಯ ಮೇಲೆ ಒರಗಿಸಿದ.

“ಇದು ಯಾರ ಕತ್ತು? ಕುಂಟಂದೋ, ಕುಂಟನ ಮಗಂದೋ?” ಎಂದ. ಆಮೇಲೆ ಮನೆಯ ಕಡೆ ತಿರುಗಿ, “ದೊಡ್ಡಪ್ಪಾ, ನೀವು ಬರ್ದೇ ಇದ್ರೆ ಅದೇ ಉತ್ತರ ಅಂದ್ಕೋತೀವಿ. ಚರ್ಚಿನ ಗಂಟೆ ಹೊಡೆಯೋವರೆಗೂ ನೋಡ್ತೀನಿ,” ಎಂದ.

ತಟ್ಟಿ ಅಲುಗಲಿಲ್ಲ. ಫುವಾತಿನೊ ಕೈಮುಗಿದು ಬೇಡಿಕೊಳ್ಳೋಣವೆಂದು ತಲೆ ಎತ್ತಿದಳು. ಆಗ ಮನೆಯ ಮಗ್ಗುಲಿನಿಂದ ಹಿತ್ತಿಲ ಮೆಟ್ಟಿಲು ಕಂಡಿತು. ಮೆಟ್ಟಿಲ ಮೇಲೆ ಕಬ್ಬಿಣದ ಪಾತ್ರೆ, ಅದರ ಪಕ್ಕ ತುರಿಮಣೆ, ಲಾಟೀನು, ಮಚ್ಚು, ಎಲ್ಲಕ್ಕಿಂತ ಮೇಲೆ ಬೈಬಲ್ಲು.

ಅಯ್ಯೋ ದೇವರೇ ಎಂದುಕೊಂಡಳು. ಈ ಮನುಷ್ಯ ಕ್ಷಮೆ ಇಲ್ಲ ಎನ್ನುತ್ತಿಲ್ಲ. ಈ ಮನುಷ್ಯ ಏಳಲಾರ! ಅಂಗಳದಲ್ಲಿ ಅಷ್ಟು ಜನ ಇದ್ದರೂ ಆ ಪಾತ್ರೆಗಳ ಭಾಷೆ ಓದಲು ಬರುತ್ತಿದ್ದದ್ದು ಅವಳೊಬ್ಬಳಿಗೆ. ಹಿಂದಿನ ದಿನವೇ ಮಾತ್ರೆ ಸಿಕ್ಕಿದ್ದರೆ ಅವನು ನಸುಕಿಗೇ ಹೊರಗೆ ಬರುತ್ತಿದ್ದ. ಮಾತ್ರೆ ಅವಳ ಸೊಂಟದ ಗಂಟಿನಲ್ಲಿತ್ತು.

ಇಫೋಗಾದಲ್ಲಿ ಕೂತವರು ಎದ್ದು ನಿಲ್ಲುವ ಹಾಗಿಲ್ಲ. ಫುವಾತಿನೊ ಎದ್ದಳು, ಲುಂಗಿ ಎತ್ತಿ ಕಟ್ಟಿದಳು, ಓಡಿದಳು. ಹಿಂದಿನಿಂದ ಬಂದ ಕಲ್ಲೊಂದು ಹೆಗಲಿಗೆ ಬಡಿದು ಮುಗ್ಗರಿಸಿದಳು. ಎದ್ದು ಮತ್ತೆ ಓಡಿದಳು.

ಹಿತ್ತಿಲಲ್ಲಿ ವಲಾಸಿ ಇದ್ದಳು. ಬಿಸಿ ಕಲ್ಲು ಎತ್ತುವ ಮರದ ಇಕ್ಕಳ ಕೈಯಲ್ಲಿತ್ತು. ಎದುರಿಗೆ ಬಂದವಳ ಮುಖ ನೋಡಿದ್ದೇ, ಅದರಿಂದಲೇ ಬಾರಿಸಿದಳು. ಕೆನ್ನೆ ಸೀಳಿತು. ಇನ್ನೊಮ್ಮೆ ಬಾರಿಸಿದಳು. ಫುವಾತಿನೊ ಕೈ ಅಡ್ಡ ತರಲಿಲ್ಲ. ಬಾಯಿಗಿಳಿದ ರಕ್ತ ಉಗುಳಿ, “ಯಾವಾಗ ಬಂತು?” ಎಂದಳು.

“ಕೋಳಿ ಕೂಗೋ ಮುಂಚೆ,” ಎಂದುಬಿಟ್ಟಳು ವಲಾಸಿ. ಎಷ್ಟೋ ವರ್ಷದ ಅಭ್ಯಾಸ, ಬಾಯಿ ತಾನಾಗಿ ಉತ್ತರ ಕೊಟ್ಟಿತು. ಆಮೇಲೆ ಇಕ್ಕಳ ಕೆಳಗೆ ಬಿತ್ತು, ಅವಳೂ ಅದರ ಪಕ್ಕ ಕುಸಿದಳು. “ಆಸ್ಪತ್ರೇಲಿ ಒಂದು ತೊಟ್ಟು ನೀರು ಬಾಯಿಗೆ ಹಾಕ್ಲಿಲ್ಲ ಕಣೇ. ಮಗನ ಮುಖಾನೇ ನೋಡ್ತಾ ಕೂತಿದ್ರು.”

“ಮಾತ್ರೆ ಒಂದೂ ಇರಲಿಲ್ವಾ?”

“ಮಾತ್ರೆ ನಿನ್ನ ಹತ್ರ ತಾನೇ ಇದ್ದಿದ್ದು, ಪಾಪಿ.”

ಇಕ್ಕಳದ ಏಟಿಗಿಂತ ಇದು ಹೆಚ್ಚು ತಾಗಿತು. ಫುವಾತಿನೊ ಗಂಟು ಬಿಚ್ಚಿ, ಡಬ್ಬಿಯಿಂದ ಅವಳ ಪಾಲಿನ ಮಾತ್ರೆಗಳನ್ನು ಅವಳ ಮಡಿಲಿಗೆ ಸುರಿದಳು. ವಲಾಸಿ ಬಿಕ್ಕುತ್ತಲೇ ಉಳಿದದ್ದನ್ನು ಹೇಳಿದಳು. ಚಾಪೆ ತೆಗೆಯುತ್ತೇನೆಂದು ಉಸುಫೋನೊ ಹಿಂದಿನ ಸಂಜೆಯೇ ಪಾದ್ರಿಗೆ ಮಾತು ಕೊಟ್ಟಿದ್ದ. ಬೆಳಿಗ್ಗೆ ಕಾಲು ನೆಲಕ್ಕೂರಲಾಗಲಿಲ್ಲ. ಕುಂಟಿ ತೋರಿಸಿದ್ದಕ್ಕೆ ನನ್ನ ಮಗ ಅಲ್ಲಿ ಬಿದ್ದಿದ್ದಾನೆ, ಈಗ ಅವರೆಲ್ಲರ ಮುಂದೆ ನಾನೇ ಕುಂಟಿಕೊಂಡು ಹೋಗಬೇಕೇ ಎಂದು ಹಟ ಹಿಡಿದು ಕೂತಿದ್ದಾನೆ. ಕಾಲಿನ ವಿಷಯ ಹೊರಗೆ ಬಾಯಿಬಿಟ್ಟರೆ ಕೊಲ್ಲುತ್ತೇನೆಂದು ಹೆಂಡತಿಗೆ ಹೇಳಿದ್ದಾನೆ.

ಮಾತ್ರೆ ಈಗ ನುಂಗಿದರೂ ಕೆಲಸ ಮಾಡುವುದು ಸಂಜೆಗೆ. ಗಂಟೆ ಹೊಡೆಯುವುದು ಇನ್ನೇನು ಈಗಲೋ ಆಗಲೋ. ಇಬ್ಬರೂ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

“ನಾನು ಏಳಿಸ್ತೀನಿ,” ಎಂದಳು ಫುವಾತಿನೊ.

ವಲಾಸಿಗೆ ತಕ್ಷಣ ತಿಳಿಯಿತು. “ಕೊಂದುಹಾಕ್ತಾರೆ ನಿನ್ನ.”

“ಎಸೆಯೋದೆಲ್ಲ ನೀನು ಹೊರಗಿಟ್ಟಿದ್ದೀಯಲ್ಲ.”

“ಊರುಗೋಲು ಒಳಗಿದೆ.”

“ಇರ್ಲಿ ಬಿಡು. ನೀನು ಮುಂದಿನ ತಟ್ಟಿ ಹಗ್ಗ ಹಿಡ್ಕೊಂಡು ನಿಂತಿರು.”

ವಲಾಸಿಯ ಎದುರಿಗೆ ಮಗನ ತಲೆ ಒಡೆದವನ ತಾಯಿ ಇದ್ದಳು, ಅದೂ ನಿಜ. ಅವಳ ಕೆನ್ನೆಯಿಂದ ತಾನೇ ಇಳಿಸಿದ ರಕ್ತವೂ ಎದುರಿಗಿತ್ತು. ಸೆರಗಿನಂತೆ ಹೊದ್ದ ಬಟ್ಟೆಯಿಂದ ಮೂಗು ಒರೆಸಿಕೊಂಡು, ಎದ್ದು ಹಗ್ಗದ ಕಡೆ ಹೋದಳು.

ಒಳಗೆ ಉಸುಫೋನೊ ಕಂಬಕ್ಕೊರಗಿ ಕೂತಿದ್ದ. ಬೆತ್ತದ ಕಮಾನಿನಡಿ ಕಾಲು. ಮುಖ ಬೆವತು ಬೂದಿಯಾಗಿತ್ತು. ಫುವಾತಿನೊ ಹತ್ತಿರ ಹೋಗಿ ಕಮಾನನ್ನು ಎತ್ತಿ ಪಕ್ಕಕ್ಕಿಟ್ಟಳು. ಅವಳಿಗೆ ವಿಪರೀತ ಹೆದರಿಕೆಯಾಗಿತ್ತು.

“ಯಜಮಾನ್ರೇ, ನಿಮ್ಮ ಮಗ ಬಯಲಲ್ಲಿ ಕುಂಟಿ ತೋರಿಸಿದ್ದು ನನ್ನ ಗಂಡನ್ನಲ್ಲ. ನಿಮ್ಮನ್ನೇ. ಮನೇಲಿ ದಿನಾ ನೋಡಿ ಕಲಿತಿದ್ದು,” ಎಂದಳು. ಎಂದವಳೇ ಆ ಬದನೆಕಾಯಿ ಬೆರಳಿನ ಮೇಲೆ ಅಂಗೈ ಊರಿ ಮೈಭಾರವನ್ನೆಲ್ಲ ಹಾಕಿ ಒತ್ತಿದಳು.

ಅವನು ಕಿರುಚಿದ ಸದ್ದಿಗೆ ಅಂಗಳದಲ್ಲಿದ್ದವರು ಒಳಗೆ ಯಾರನ್ನೋ ಕಡಿದರು ಎಂದುಕೊಂಡರಂತೆ. ಅವನ ಕೈ ಮೊದಲು ಪಾತ್ರೆಗೆ ತಡಕಾಡಿತು, ಮಚ್ಚಿಗೆ ತಡಕಾಡಿತು, ಏನೂ ಸಿಗದೆ ಊರುಗೋಲಿಗೆ ಬಿತ್ತು. ಮೊದಲ ಏಟು ಬೆನ್ನಿಗೆ. ಅವಳು ಹಿಂದಕ್ಕೆ ಸರಿದಳು. ಎರಡನೆಯದು ತಲೆಗೆ ಬರುತ್ತಿತ್ತು, ತೋಳು ಅಡ್ಡ ಕೊಟ್ಟಳು, ಒಳಗೆ ಮೂಳೆ ಲಟಕ್ಕೆಂದಿತು. ಕಣ್ಣು ಕತ್ತಲಿಟ್ಟರೂ ಅವಳು ಬಿಡಲಿಲ್ಲ.

“ಬಾರೋ ಕುಂಟಾ,” ಎಂದಳು.

ಆ ಮನುಷ್ಯ ಎದ್ದ. ಎದ್ದು ನಿಂತ, ನಡೆದ. ವಲಾಸಿ ಹಗ್ಗ ಎಳೆದಳು, ತಟ್ಟಿ ಸರ್ರನೆ ಮೇಲೇರಿತು, ಬಿಸಿಲು ಒಳಗೆ ನುಗ್ಗಿತು. ಫುವಾತಿನೊ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಮೆಟ್ಟಿಲಿಳಿದಳು, ಅವನು ಊರುಗೋಲು ಬೀಸುತ್ತ ಅವಳ ಮೇಲೇ ಕಣ್ಣಿಟ್ಟು ಇಳಿದ. ಹೆಗಲಿಗೆ, ಪಕ್ಕೆಗೆ, ತೊಡೆಗೆ ಏಟು ಬೀಳುತ್ತಲೇ ಇತ್ತು. ಒಂದು ಕಾಲನ್ನು ಎಳೆದೆಳೆದು ಹಾಕುತ್ತ, ತಫಾಲೆ ಅಂದು ನಡೆದು ತೋರಿಸಿದ ಹಾಗೇ, ಅವನು ಇಡೀ ಊರಿನ ಮುಂದೆ ಅಂಗಳ ದಾಟಿದ. ಒಬ್ಬರೂ ನಗಲಿಲ್ಲ. ಫುವಾತಿನೊಳ ಹಿಮ್ಮಡಿ ಚಾಪೆಯ ಅಂಚಿಗೆ ತಾಗಿತು, ಅವಳು ಪಕ್ಕಕ್ಕೆ ಬಿದ್ದಳು.

ಉಸುಫೋನೊ ಊರುಗೋಲು ಎತ್ತಿ ಹಿಡಿದವನು ಆಗ ಸುತ್ತ ನೋಡಿದ. ಲೆವಿ ಮಚ್ಚು ಕೆಳಗಿಳಿಸಿ ಹಿಂದೆ ಸರಿದಿದ್ದ. ಯಜಮಾನ ಹೊರಗೆ ಬಂದ ಮೇಲೆ ಮಚ್ಚಿಗೆ ಅಲ್ಲಿ ಜಾಗವಿಲ್ಲ. ಸಿಟ್ಟು ಇಳಿಯಿತು. ಸಿಟ್ಟು ಇಳಿದದ್ದೇ ಕಾಲು ನೆನಪಾಯಿತು. ಮಂಡಿ ಮಡಚಿತು, ಊರುಗೋಲು ಜಾರಿತು, ಹಿಡಿದುಕೊಳ್ಳಲು ಚಾಚಿದ ಕೈಗೆ ಸಿಕ್ಕಿದ್ದು ಚಾಪೆ. ಅದನ್ನು ಹಿಡಿದುಕೊಂಡೇ ದೊಪ್ಪನೆ ನೆಲಕ್ಕೆ ಕೂತ. ಚಾಪೆ ಪೂರ್ತಿ ಅವನ ಜೊತೆ ಬಂತು. ಅಸೋವಾಲು ಮತ್ತು ಪೆಮಿತಾ ಬಿಸಿಲಿನಲ್ಲಿ ಬರಿತಲೆಯಲ್ಲಿ ಕಣ್ಣು ಪಿಳುಕಿಸುತ್ತ ಕೂತಿದ್ದರು.

“ತೆಗೆದಿದ್ದಲ್ಲ ಅದು,” ಎಂದ ಲೆವಿ. “ಬಿದ್ದಿದ್ದು. ದೊಡ್ಡಪ್ಪ ಕಾಲು ಸೋತು ಬಿದ್ರು. ಎಲ್ರೂ ನೋಡಿದೀರ.”

ಉಸುಫೋನೊ ಚಾಪೆಯನ್ನು ಮುಷ್ಟಿಯಲ್ಲಿ ಹಿಡಿದು ನೆಲದ ಮೇಲಿದ್ದ. ಫುವಾತಿನೊ ಮುರಿದ ತೋಳನ್ನು ಎದೆಗವಚಿಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಹೌದು ಬಿದ್ದೆ ಎಂದರೆ ಅವಳ ಮಗ ಸತ್ತ. ಆದರೆ ಹೌದು ಬಿದ್ದೆ ಎಂದರೆ, ಊರ ಮುಂದೆ ಕುಂಟಿ ಬಿದ್ದ ಯಜಮಾನ ಅಂತಲೂ ಆಗುತ್ತಿತ್ತು. ಬೆಳಗಿನಿಂದ ಅವನನ್ನು ಒಳಗೆ ಕೂರಿಸಿದ್ದ ಆ ಹಾಳು ಜಂಬ ಅವನ ಮುಖದಲ್ಲಿ ಮತ್ತೆ ಏರಿ ಬಂದದ್ದನ್ನು ಅವಳು ಕಂಡಳು. ಅಷ್ಟು ಹೊತ್ತು ಅದನ್ನು ಶಪಿಸಿದವಳು ಈಗ ಅದಕ್ಕೇ ಕೈಮುಗಿದಳು.

“ಯಾರೋ ಬಿದ್ದಿದ್ದು?” ಎಂದ ಉಸುಫೋನೊ. “ನಾನು ಕೂತ್ಕೊಂಡೆ. ಚಾಪೆ ತೆಗೆದು ಕೂತ್ಕೊಂಡೆ. ಕಣ್ಣಿಲ್ವಾ ನಿಂಗೆ?”

ಅಷ್ಟರಲ್ಲಿ ಚರ್ಚಿನ ಗಂಟೆ ಹೊಡೆಯತೊಡಗಿತು. ಅದು ನಿಂತ ಮೇಲೆ ಉಸುಫೋನೊ ಪೆಮಿತಾನ ಕಡೆ ತಿರುಗಿದ.

“ನನ್ನ ಮಗ ಅವತ್ತು ಹೀಗೇ ಕುಂಟಿ ತೋರಿಸಿದ್ನಾ?”

ಪೆಮಿತಾ ಅಳುತ್ತಿದ್ದ. ಹೂಂ ಎಂದು ತಲೆಯಾಡಿಸಿದ.

“ಸರಿಯಾಗಿ ತೋರಿಸಿದ್ನಾ?”

“ಹೂಂ. ನಿಮ್ಮ ಹಾಗೇ.”

ಉಸುಫೋನೊ ಕೈ ಬೀಸಿ ಅವನ ಬಾಯಿಗೆ ಕೊಟ್ಟ. ತುಟಿ ಒಡೆದು ರಕ್ತ ಚಿಮ್ಮಿತು. ಪೆಮಿತಾ ಮುಖ ತಿರುಗಿಸಲಿಲ್ಲ. ಲೆಕ್ಕ ಅಲ್ಲಿಗೆ ಮುಗಿಯಿತು. ಒಳಗೆ ಬನ್ನಿ ಎಂದ ಉಸುಫೋನೊ, ಆದರೆ ತಾನು ಮಾತ್ರ ಏಳಲಿಲ್ಲ. ಅಸೋವಾಲು ಕಿವಿಯಿಂದ ರಕ್ತ ಒರೆಸಿಕೊಂಡು ಎದ್ದು ಹೋಗಿ ಅವನ ಕಂಕುಳಿಗೆ ಕೈಕೊಟ್ಟ. ಯಾರೂ ಹೇಳದೆಯೇ, ಊದಿದ ಬೆರಳಿಗೆ ತಾಗದಂತೆ ನೋಯದ ಕಾಲಿನ ಕಡೆ ನಿಂತ. ಒಬ್ಬರಿಗೊಬ್ಬರು ಒರಗಿಕೊಂಡು ಇಬ್ಬರೂ ಕುಂಟುತ್ತ ಮೆಟ್ಟಿಲು ಹತ್ತಿದರು.

ವಲಾಸಿ ಗಂಡನ ಬಾಯಿಗೆ ಮಾತ್ರೆ ಹಾಕಿ ಬಂದು, ಅದೇ ಕಮಾನಿನ ಬೆತ್ತವನ್ನು ಮಂಡಿಯ ಮೇಲೆ ಮುರಿದು, ಎರಡು ತುಂಡನ್ನು ಫುವಾತಿನೊಳ ತೋಳಿಗೆ ಅತ್ತಇತ್ತ ಇಟ್ಟು ಬಟ್ಟೆ ಸುತ್ತಿ ಕಟ್ಟಿದಳು. ಕಟ್ಟು ಬಿಗಿಯಾಗಿ, ಚೆನ್ನಾಗಿ ಕೂತಿತ್ತು.

ಮಧ್ಯಾಹ್ನ ಪೊಲೀಸರು ಬಂದು ಪೆಮಿತಾನನ್ನು ಪಟ್ಟಣಕ್ಕೆ ಕರೆದುಕೊಂಡು ಹೋದರು. ಜೀಪು ಹತ್ತುವಾಗ ಲೆವಿಯೂ ಅವನ ಹುಡುಗರೂ ರಸ್ತೆಯಲ್ಲೇ ನಿಂತಿದ್ದರು, ಯಾರೂ ಕೈಯೆತ್ತಲಿಲ್ಲ. ಸಂಜೆಗೆ ಆಸ್ಪತ್ರೆಯಿಂದ ಸುದ್ದಿ ಬಂತು. ತಫಾಲೆ ಕಣ್ಣು ಬಿಟ್ಟಿದ್ದ, ಒಂದು ಕಿವಿ ಹೋಗಿತ್ತು.

ಫುವಾತಿನೊ ಮನೆಗೆ ಬಂದು ಸುಟ್ಟ ಅಡುಗೆ ಗುಡಿಸಲಿನ ಪಕ್ಕ ಮೂರು ಕಲ್ಲಿಟ್ಟು, ಒಂದೇ ಕೈಯಲ್ಲಿ ಜೀಗುಜ್ಜೆ ಸುಟ್ಟಳು. ಮೈಯಲ್ಲಿ ನೋಯದ ಜಾಗವಿರಲಿಲ್ಲ. ಅಸೋವಾಲು ಕಿವಿಗೆ ಪಟ್ಟಿ ಕಟ್ಟಿಸಿಕೊಂಡು ಕಂಬಕ್ಕೊರಗಿ ಕೂತಿದ್ದ. ಅವಳು ತಟ್ಟೆ ತಂದಿಟ್ಟಾಗ ಅವಳ ಮುಖವನ್ನೇ ನೋಡಿದ.

“ಇವತ್ತು ನೀನಿಲ್ದೇ ಇದ್ದಿದ್ರೆ ನಾವಿಬ್ರೂ ಹೆಣ,” ಎಂದ. “ನಿನ್ನಂಥವಳು ಈ ದ್ವೀಪದಲ್ಲೇ ಇಲ್ಲ ಕಣೇ, ನನ್ನ ಬಂಗಾರ.”

ಈ ಮಾತಿಗಾಗಿ ಎಷ್ಟು ವರ್ಷ ಕಾದಿದ್ದಳೋ. ಇವತ್ತಂತೂ ನಿಜವಾಗಿರಬೇಕು, ಇವತ್ತು ಯಾವ ಗಂಡನಾದರೂ ಹೇಳಬೇಕಾದ ಮಾತೇ ಇದು ಎಂದು ಅವಳ ಜೀವ ಹಂಬಲಿಸಿತು. ಕಣ್ಣು ಮಾತ್ರ, ಹಾಳು ಕಣ್ಣು, ಕೆಳಗಿಳಿಯಿತು.

ಅವನ ಎಡಗಾಲು ಬಲಗಾಲನ್ನು ಮೆಲ್ಲಗೆ ಉಜ್ಜುತ್ತಿತ್ತು.

ಬೆಳಗಿನಿಂದ ಬಿಸಿಲಲ್ಲಿ ಮಂಡಿಯೂರಿದ್ದ, ರಕ್ತ ಸುರಿದಿತ್ತು, ಬರದೆ ಏನು ಮಾಡೀತು. ಅವಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಎದ್ದಳು. ಗುಗು ಬುಟ್ಟಿ ತಂದು ಅವನ ಕೈಗೆಟಕುವಂತೆ ಇಟ್ಟಳು. ಮಾತ್ರೆ, ನೀರು, ಬಕೆಟ್ಟು, ಕಾಲಿನ ಮೇಲೆ ಬೆತ್ತದ ಕಮಾನು, ಎಲ್ಲ ಸರಿಯಾಗಿತ್ತು. ಆಮೇಲೆ ಇರುವ ಒಂದು ಕೈಯಿಂದಲೇ ಇಸ್ತ್ರಿಪೆಟ್ಟಿಗೆ ಹೊತ್ತು ಹಿತ್ತಿಲ ಮೆಟ್ಟಿಲಿಗಿಟ್ಟಳು. ಪಾತ್ರೆ ಇಟ್ಟಳು. ಮಚ್ಚು, ಲಾಟೀನು, ಬೈಬಲ್ಲು. ಕೊನೆಗೆ ಊರುಗೋಲನ್ನೂ ತೆಗೆದುಕೊಂಡು ಹೋದಳು. ಒಳಗೆ ಬಂದು ನಾಲ್ಕೂ ಕಡೆ ಕಣ್ಣಾಡಿಸಿದಳು. ಹೊರಗಿಡಬೇಕಾದದ್ದು ಇನ್ನೊಂದು ಉಳಿದಿತ್ತು.

ತನ್ನ ಮಲಗುವ ಚಾಪೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡಳು.

“ಎಲ್ಲಿಗೆ?” ಎಂದ ಅಸೋವಾಲು.

“ಹೊರಗೆ,” ಎಂದಳು ಫುವಾತಿನೊ.

ರಸ್ತೆಯಾಚೆ ವಲಾಸಿ ತನ್ನ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ಇವಳು ಚಾಪೆ ಹಿಡಿದು ಬರುವುದನ್ನು ನೋಡಿದಳು. ಪಾತ್ರೆ, ತುರಿಮಣೆ, ಬೈಬಲ್ಲುಗಳನ್ನು ಒಂದು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು.